ನೆರೆಹೊರೆ ಪಕ್ಷದ ಮೂರು ಮತ

ಭಾನುವಾರ, ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮುದ್ದು ಮಗಳಿಗೆ,

ನಿನ್ನ ಕಾಗದ ತಲುಪಿತು. ಕ್ಷೇಮ ಸಮಾಚಾರ ಒಂದು ಸಾಲು, ಬೈಗುಳ ಎರಡು ಪುಟ. ಮೊದಲು ನಗು ಬಂತು, ಆಮೇಲೆ ಅಳುವೂ ಬಂತು.

ನೀನು ಹೇಳಿಹೋದದ್ದು ಇಷ್ಟೇ, ಒಪ್ಪಿದೆ. ಗಣಿ ಕಾರ್ಮಿಕರ ಸಂಘದ ಕೆಲಸಕ್ಕೆಂದು ನೆಟ್‌ವರ್ಕ್ ಸಿಗದ ಬೆಟ್ಟಕ್ಕೆ ಹೊರಟವಳು, ನೀವೆಲ್ಲ ಸೇರಿ ಕಂಪ್ಯೂಟರಿನೊಳಗೆ ಕಟ್ಟಿಕೊಂಡಿರುವ ಆ ಆಟದ ದೇಶದಲ್ಲಿ ನಿನ್ನ ಹೆಸರಲ್ಲಿ ಹಾಜರಿ ಒತ್ತಲು ಹೇಳಿದ್ದೆ. ನಾಯಕಿ ವಾರವಿಡೀ ಕಾಣಿಸದಿದ್ದರೆ ಪಕ್ಷವೇ ರದ್ದಂತೆ. ಇರುವುದೇ ಮೂರು ಸೀಟಿನ ನೆರೆಹೊರೆ ಪಕ್ಷ. "ನಾವು ಬಡವರ ಪರ, ಆದ್ರೆ ಬಸ್ಸಿಗೆ ಬೆಂಕಿ ಹಚ್ಚೋರಲ್ಲ" ಎಂದು ವಿವರಿಸಿದ್ದೆ. "ಅಮ್ಮಾ, ಬಟನ್ ಒತ್ತು, ಬಾಯಿ ಮಾತ್ರ ತೆಗೀಬೇಡ" ಅಂತಲೂ ಅಂದಿದ್ದೆ.

ಅಷ್ಟು ಜನ ಸದನದಲ್ಲಿ ಕೂತಿರುವಾಗ ಕಂಡೂ ಕಾಣದ ಹಾಗೆ ಇರುವುದು ಹೇಗೆ? ಎಲ್ಲರಿಗೂ "ಊಟ ಆಯ್ತಾ?" ಎಂದು ಬರೆದೆ. ಇದೇನು ಹೊಸ ತಂತ್ರ ಎಂದು ಹಣಕಾಸು ಮಂತ್ರಿಗೆ ಅನುಮಾನ. ನಾಯಕಿಯ ಖಾತೆಗೆ ಯಾರೋ ಕನ್ನ ಹಾಕಿದ್ದಾರೆ ಎಂದು ನಿನ್ನ ಉಪನಾಯಕ ಬೊಬ್ಬೆ ಹೊಡೆದ. ಸಭಾಧ್ಯಕ್ಷರು ಮಾತ್ರ ಹಲ್ಲುನೋವು ಎಂದರು, ಲವಂಗ ಕಚ್ಚಿಕೊಳ್ಳಿ ಎಂದೆ. ಬರಬರುತ್ತಾ ಒಬ್ಬೊಬ್ಬರೇ ಮಾತಿಗೆ ಸಿಕ್ಕರು.

ಈಗ ನಿನ್ನ ಸಿಟ್ಟಿನ ವಿಷಯ. ವಿಶ್ವಾಸಮತದ ದಿನ ಭದ್ರಕೋಟೆ ಪಕ್ಷದ ಸರ್ಕಾರ ನಮ್ಮ ಮೂರು ಮತದ ಮೇಲೆ ತೂಗಾಡುತ್ತಿತ್ತು. ಬೀಳಿಸಬೇಕೆಂಬುದು ನಿಮ್ಮ ತೀರ್ಮಾನ. 'ಹಳೇ ಹುಲಿ' ಎಂದು ಹೆಸರಿಟ್ಟುಕೊಂಡಿರುವ ಆ ಪ್ರಧಾನಿ, ಸೋತರೆ ಈ ದೇಶವನ್ನೇ ಬಿಟ್ಟು ಹೋಗುತ್ತೇನೆ ಎಂದು ಸದನದಲ್ಲಿ ಹೇಳಿದರು. ನಾಯಕಿ ಒಂದು ಬಟನ್ ಒತ್ತಿದರೆ ಪಕ್ಷದ ಮೂರೂ ಮತ ಬೀಳುತ್ತವಲ್ಲ, ನಾನು ಮೂರನ್ನೂ ಅವರಿಗೇ ಹಾಕಿದೆ.

ಯಾಕೆಂದರೆ ಅವತ್ತು ಬೆಳಿಗ್ಗೆಯೇ ನಿನ್ನ ಶಿಶುಪಾಲನಾ ಮಸೂದೆಗೆ ಅವರು ಒಪ್ಪಿದ್ದರು. ದುಡಿಯುವ ತಾಯಂದಿರ ಮಕ್ಕಳಿಗೆ ಕೆಲಸದ ಜಾಗದಲ್ಲೇ ಒಂದು ಕೋಣೆ ಬೇಕೆಂದು ನೀನು ಎಷ್ಟು ತಲೆ ಚಚ್ಚಿಕೊಂಡಿದ್ದೆ! ಹೊಲಿಗೆ ಯಂತ್ರದ ಪಕ್ಕ, ಬಟ್ಟೆ ಚೂರಿನ ಬುಟ್ಟಿಯಲ್ಲಿ ನಿನ್ನನ್ನು ಮಲಗಿಸಿ ದುಡಿದವಳು ನಾನು. ಬಾಯಿಗೆ ಬಂದ ತುತ್ತನ್ನು ಹೇಗೆ ಬಿಡಲಿ? ನಿನ್ನ ಉಪನಾಯಕ ರಾಜೀನಾಮೆ ಎಸೆದು ಹೋಗಿದ್ದಾನೆ, ಬೆಟ್ಟಕ್ಕೆ ದೂರು ಬರೆದವನೂ ಅವನೇ ಇರಬೇಕು. ಮರಳಿ ಬಂದ ಕೂಡಲೇ ಪಕ್ಷ ಮುಚ್ಚುತ್ತೇನೆ ಎಂದಿದ್ದೀಯ. ಮುಚ್ಚಬೇಡ ಮಗಳೇ, ಕಾಲು ಹಿಡಿದು ಕೇಳುತ್ತೇನೆ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಕಾರ್ಖಾನೆ ಮೇಲ್ವಿಚಾರಕನ ಮಗಳು ಸಂಘ ಸೇರಿದಳೆಂದು ಮಾತು ಬಿಟ್ಟವರು ಇನ್ನೂ ಜಗ್ಗಿಲ್ಲ. ನಿನ್ನ ಹೆಸರೆತ್ತಿದರೆ ಕನ್ನಡಕ ಒರೆಸಲು ಶುರು ಮಾಡುತ್ತಾರೆ. ನೀನೇನು ಕಡಿಮೆಯೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದರಲ್ಲಿ ಇಬ್ಬರೂ ಒಂದೇ. ನಿವೃತ್ತಿಯಾದ ಮೇಲೆ ಹಗಲೆಲ್ಲ ಹಿಂದಿನ ಕೋಣೆಯ ಕಂಪ್ಯೂಟರ್ ಮುಂದೆಯೇ ಇರುತ್ತಾರೆ. ಕೇಳಿದರೆ ಪೇಪರ್ ಓದುತ್ತಿದ್ದೇನೆ ಅನ್ನುತ್ತಾರೆ.

ಬೆಟ್ಟದಲ್ಲಿ ಚಳಿ ಇರಬಹುದು, ಕಿವಿ ಮುಚ್ಚಿಕೋ.

ನೀನು ಎಷ್ಟು ಬೈದರೂ ನಿನ್ನವಳೇ,
ಅಮ್ಮ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿದ್ದು: ಹಳೇ ಹುಲಿ ನಿಮ್ಮಪ್ಪನೇ. ಪ್ರಧಾನಿಗೆ "ಊಟ ಆಯ್ತಾ?" ಎಂದು ಕೇಳಿದ ದಿನವೇ, ಚಹಾ ಕೊಡಲು ಹಿಂದಿನ ಕೋಣೆಗೆ ಹೋದರೆ, ಅವರ ಪರದೆಯ ಮೇಲೆ ನನ್ನದೇ ಪ್ರಶ್ನೆ. ಏನೋ ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಕೊನೆಗೆ "ಆಯ್ತು. ನಿಮ್ಮದು?" ಎಂದು ಕಳಿಸಿ ಕನ್ನಡಕ ತೆಗೆದರು. ನಾನು ಸದ್ದಿಲ್ಲದೆ ಹಿಂದೆ ಬಂದೆ. ಬೆಟ್ಟದಲ್ಲಿ ನೆಟ್‌ವರ್ಕ್ ಸಿಗದೆಂದು ನಾನು ಹೇಳಿಲ್ಲ, ಕೇಳಿದ್ದು ನೀನೇ ಎಂದು ಅವರು ನಂಬಿದ್ದಾರೆ. ನೀನು ಮನೆಯಲ್ಲಿದ್ದಾಗ ಊಟಕ್ಕೆ ಕೂತರೆ ಆ ಪಕ್ಷದ್ದೇ ಮಾತು, ಅವರು ಕಿವಿ ಕೊಟ್ಟೇ ಕೂತಿದ್ದರು ನೋಡು. ನಿನ್ನ ಒಂದೊಂದು ಮಸೂದೆಗೂ ಅಷ್ಟುದ್ದ ವಿರೋಧ ಬರೆದದ್ದು ಯಾಕೆಂದು ಈಗ ತಿಳಿಯಿತು. ನಿನ್ನೊಡನೆ ಮಾತಾಡಲು ಅವರಿಗೆ ಉಳಿದಿದ್ದ ಜಾಗ ಅದೊಂದೇ. ಸೋತು ಅಲ್ಲಿಂದಲೂ ಹೋಗಲಿ ಎಂದು ನಾನು ಹೇಗೆ ಮತ ಹಾಕಲಿ? ನೀನು ಬಂದು ಸರ್ಕಾರ ಬೀಳಿಸುವುದಾದರೆ ಬೀಳಿಸು, ಅದು ನಿಮ್ಮಿಬ್ಬರ ವ್ಯವಹಾರ. ಆದರೆ ಮೊದಲು ಊಟ ಆಯ್ತಾ ಎಂದು ಕೇಳು. ನಿನ್ನ ಹೆಸರಲ್ಲಿ ನಾನು ದಿನಾ ಕೇಳಿ, ಅವರಿಗೆ ಕಾಯುವ ಅಭ್ಯಾಸವಾಗಿಬಿಟ್ಟಿದೆ.