ಗುರುತಿಲ್ಲದ ಎಲೆ

ಅಕ್ಟೋಬರ್ 8, 1996. ಬೆಳಗಿನ ಜಾವ 4.40

ಔಷಧಿ ಹೊಡೆಯುವ ಪಂಪಿನ ಹಿಡಿಯ ಕಿರ್ರೆನ್ನುವ ಸದ್ದಿಗೆ ಎಚ್ಚರ. ನಿದ್ದೆ ಬಂದಿದ್ದೇ ಆಗಷ್ಟೆ. ಕಬ್ಬಿಗೆ ಕಳೆ ಔಷಧಿ. ಮಗಳು ತನುಶ್ರೀಗೆ ನೀರು ಹುಯ್ಯುವ ಬಕೆಟ್ಟಿನಲ್ಲೇ ಇವರು ಕಲಸುತ್ತಿದ್ದಾರೆ — ಬರಿಗೈಯಲ್ಲಿ. ಪಾಂಡವಪುರದಿಂದ ಹರಳೆಣ್ಣೆ ಬಾಟಲಿಯಲ್ಲಿ ತಂದ ಬಿಡಿ ಔಷಧಿ. ಲೇಬಲ್ ಇಲ್ಲ. ಹೆಸರು ಕೇಳಿದೆ.

"ನಂಗೊತ್ತು ಬುಡು, ನಿಂಗ್ಯಾಕೆ."

ಮೇಲೊಂದು ಹಿಡಿ ಸೋಪಿನ ಪುಡಿ. "ಇಲ್ದಿದ್ರೆ ಎಲೆ ಮ್ಯಾಲೆ ನಿಲ್ಲಾಕಿಲ್ಲ ಕಣೆ. ಬಿಎಸ್ಸಿ ಓದಿ ಏನ್ ಕಲ್ತೆ?"

ಸಂಜೆ

ಬಚ್ಚಲ ಪಕ್ಕದ ಕೆಸುವಿನೆಲೆಗೆ ಬರೀ ನೀರು ಬಿಟ್ಟೆ. ಮಣಿಯಾಗಿ ಉರುಳಿತು. ಬಕೆಟ್ಟಿನ ತಳದ ಹನಿ ಹಾಗಲ್ಲ... ಚಪ್ಪಟೆಯಾಗಿ, ಎಲೆಯನ್ನು ನೆಕ್ಕಿಕೊಂಡು ಹರಡಿತು. ಕಾಲು ಗಂಟೆಯಲ್ಲಿ ಒಣಗಿತು. ಗುರುತೇ ಇಲ್ಲ. ಔಷಧಿ ಕಲಸಿದ ಅದೇ ಕೈಯಲ್ಲಿ ಇವರು ರಾತ್ರಿ ಮಗುವಿಗೆ ತುತ್ತಿಡುವುದು. ಅಸಹ್ಯ.

ಅಕ್ಟೋಬರ್ 9

ದಿಂಬಿನಡಿ ಡೈರಿ ತಿರುಗಾಮುರುಗಾ ಇತ್ತು. ಊಟಕ್ಕೆ ಕೂತು ಕೈ ಮೂಸಿಕೊಂಡು ಕೇಳಿದರು, "ಅಷ್ಟೊಂದ್ ಅಸಹ್ಯವಾ?" ಕದ್ದು ಓದುವ ಬುದ್ಧಿ. ಅದಕ್ಕೂ ವಾಕರಿಕೆ.

ಅಕ್ಟೋಬರ್ 13. ಸಂಜೆ 7

ಉಳಿದಿದ್ದ ಅರ್ಧ ಎಕರೆಗೂ ಬೆಳಿಗ್ಗೆ ಹೊಡೆದು, ಎತ್ತು ನೋಡಲು ಕೆ.ಆರ್. ಪೇಟೆಗೆ ಹೋದರು. ಬರುವುದು ಕೊನೆ ಬಸ್ಸಿಗೆ. ಅತ್ತೆ ಮಡಿಲು ತುಂಬ ಬೆರಕೆ ಸೊಪ್ಪು ತಂದರು. "ಗದ್ದೆ ಒಳುಕ್ಕೆ ಕಾಲಿಕ್ಕಿಲ್ಲ ಕಣವ್ವ. ಬದೀಲಿ ಕಿತ್ತಿದ್ದು." ಎಲೆ ಚೊಕ್ಕಟ. ತೊಳೆದ ನೀರಲ್ಲಿ ಮಾತ್ರ ನೊರೆ. ಪಾತ್ರೆ ಸರಿಯಾಗಿ ತೊಳೆದಿರಲಿಲ್ಲವೇನೋ. ತನು ಎರಡು ಸಲ ಮಸ್ಸೊಪ್ಪು ಅನ್ನ ಹಾಕಿಸಿಕೊಂಡಳು. ಅತ್ತೆಯೂ ಉಂಡರು, ನನ್ನದು ಇವರು ಬಂದ ಮೇಲೆ.

ರಾತ್ರಿ 9.30

ತನುಗೆ ವಾಂತಿ. ಹಸಿರು, ಗಬ್ಬು. ಅತ್ತೆಗೂ. ವ್ಯಾನು ತಂದ ಪಕ್ಕದ ಮನೆಯ ಕೆಂಪಣ್ಣ ಸೊಪ್ಪಿನ ಮಾತು ಕೇಳಿ ನಿಂತುಬಿಟ್ಟ.

"ಕ್ಯಾನಲ್ಲಿ ಉಳ್ದಿದ್ನ ಚೆಲ್ಲದ್ಯಾಕೆ ಅಂತ ಬದೀಗೂ ಹೊಡ್ದನಲ್ಲವ್ವ ನಿನ್ ಗಂಡ."

ನೊರೆ ಕಂಡಿತ್ತು. ಕೆಸುವಿನೆಲೆಯನ್ನೂ ಕಂಡಿದ್ದೆ. ಆದರೂ ಉಣ್ಣಿಸಿದೆ. ಥೂ, ನನ್ನ ಓದಿಗೆ.

ಮಂಡ್ಯದ ಆಸ್ಪತ್ರೆಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ — ಯಾವ ಔಷಧಿ? ಬಾಟಲಿ ಹುಡುಕಿದೆ, ಸಿಗಲಿಲ್ಲ. ಅತ್ತೆಗೂ ಗೊತ್ತಿಲ್ಲ. ಹೊರಟಿದ್ದೇವೆ.

ರೀ, ದೀಪ ಹಾಕಿದೊಡನೆ ನೀವು ಬಿಚ್ಚುವುದು ಇದನ್ನೇ. ಅದಕ್ಕೇ ಇಲ್ಲಿ ಬರೆದೆ. ಓದಿದ್ದಕ್ಕೆ ಬೈಯುವುದಿಲ್ಲ. ಆಸ್ಪತ್ರೆಯ ನಂಬರು ಕೆಂಪಣ್ಣನ ಮನೆ ಫೋನಿನ ಪಕ್ಕ ಇದೆ, ಬಾಗಿಲು ಬಡಿದು ಮನೆಯವರನ್ನು ಎಬ್ಬಿಸಿ. ಬೆಳಗಾಗುವ ತನಕ ಕಾಯಬೇಡಿ, ದಮ್ಮಯ್ಯ. ಫೋನ್ ಮಾಡಿ. ಆ ಬಾಟಲಿಯಲ್ಲಿ ಇದ್ದದ್ದರ ಹೆಸರೊಂದು —