ಊಟದ ಕೋಣೆಗೆ ಬಂದ ಚಪ್ಪಲಿ

ಅತ್ತೆಯವರಿಗೆ,

ಮಿಸಾಸದ ಬಿಸಿನೀರ ಬುಗ್ಗೆಯ ವಸತಿಗೃಹದಲ್ಲಿ ಎಲ್ಲರೂ ಕ್ಷೇಮ. ಮಕ್ಕಳಿಗೆ ದಣಿವಾಗದಂತೆ ದಿನಕ್ಕೊಂದೇ ಜಾಗ ನೋಡುವುದೆಂದು ಇಟ್ಟುಕೊಂಡಿದ್ದೇನೆ. ಇದು ಪ್ರವಾಸವಲ್ಲ, ಮಲಗಲು ಬಂದಂತೆ ಎಂದು ಮಾವನವರ ಗೊಣಗಾಟ. ನಿನ್ನೆ ನಿಮ್ಮ ಮೊಮ್ಮಗಳು ಕೊಹಾರು, ಕಕ್ಕಸಿನೊಳಗೇ ಬಿಟ್ಟು ಬರಬೇಕಾದ ಚಪ್ಪಲಿಯಲ್ಲಿ ನೇರ ಊಟದ ಕೋಣೆಗೆ ಬಂದಳು.

"ಮಗೂಗೆ ಇಷ್ಟೂ ಕಲಿಸಿಲ್ವೇನಮ್ಮ?" ಎಂದು ಮಾವನವರು ಎಲ್ಲರೆದುರು ನನ್ನನ್ನು ಕೇಳಿದರು.

"ತಾತ, ನೀನೂ ಅದನ್ನೇ ಹಾಕ್ಕೊಂಡಿದ್ದೀಯಲ್ಲ," ಎಂದಳು ಅವಳು.

ಅವರು ತಮ್ಮ ಕಾಲು ನೋಡಿಕೊಂಡು, ಅವಳ ಕೈಹಿಡಿದು, ಬಂದ ದಾರಿಯಲ್ಲೇ ಹಿಂದಿರುಗಿದರು.

ಬುಗ್ಗೆಯ ಬಿಸಿನೀರಿಗೆ ಅವರ ಮಂಡಿನೋವು ಇಳಿದಿದೆ. ಲಕೋಟೆಯಿಲ್ಲದ ಈ ಕಾರ್ಡನ್ನು ಅಂಚೆಪೆಟ್ಟಿಗೆಗೆ ಹಾಕಿ ಬರುತ್ತೇನೆಂದು ಅವರೇ ಕೈಚಾಚಿ ನಿಂತಿದ್ದಾರೆ. ನಾನೇ ಹೋಗಿ ಹಾಕುತ್ತೇನೆ.

ಸೊಸೆ ಚಿಜುರು