ಸೇನಾಪತಿಯ ಕವಚ ಬೆಳಗಿದ್ದು

ಗಬ್ಬೂರು, ದೇವದುರ್ಗ ತಾಲೂಕು
28-1-2025

ನಮ್ಮ ಮನೆಯವರಿಗೆ, ಯಶೋಧಾಳ ನಮಸ್ಕಾರಗಳು.

ಹೇಗಿದ್ದೀರಿ? ಪುಣೆಯಲ್ಲಿ ಚಳಿ ಜೋರಂತೆ. ಸಿಮೆಂಟಿಗೆ ಒಡೆದ ಅಂಗಾಲಿಗೆ ನಾನು ಕೊಟ್ಟ ಮುಲಾಮು ಹಚ್ಚುತ್ತೀರೋ, ಡಬ್ಬಿ ಹಾಗೆಯೇ ಚೀಲದಲ್ಲಿ ಮಲಗಿದೆಯೋ? ಇಲ್ಲಿ ಅತ್ತೆ ಗಟ್ಟಿಯಾಗಿದ್ದಾರೆ, ಅವರ ಬೈಗುಳವೂ ಗಟ್ಟಿಯಾಗಿದೆ. ಫೋನಿದ್ದೂ ಕಾಗದ ಯಾಕೆ ಅನ್ನಬೇಡಿ. ಫೋನಿನಲ್ಲಾದರೆ ನನ್ನ ಮಾತು ಅರ್ಧ ಆಗುವಷ್ಟರಲ್ಲಿ ನೀವು ಬೇಡ ಅಂದುಬಿಡುತ್ತೀರಿ. ಕಾಗದಕ್ಕೆ ಅಡ್ಡಬಾಯಿ ಹಾಕಲು ಬರುವುದಿಲ್ಲ.

ಅವತ್ತು ನೀವು, 'ನನಗ ರಜಾ ಸಿಗಂಗಿಲ್ಲ, ಈ ಸಲ ಬಯಲಾಟದಾಗ ಸೇನಾಪತಿ ಪಾರ್ಟು ನಮ್ಮ ಮೇಳದ ತಾಯಪ್ಪ ಮಾಡಲಿ, ಕವಚಾನೂ ಒಯ್ಯಲಿ' ಅಂದಿರಲ್ಲ, ಅಂದಿನಿಂದ ನನಗೆ ಊಟ ಸೇರಲಿಲ್ಲ. ಆದೆಪ್ಪ ಮಾವ ಕೈಯಾರೆ ಉಕ್ಕಿನ ತಗಡು ಬಡಿದು ಮಾಡಿದ ಕವಚ ಅದು. ಮಾವ ತೊಟ್ಟರು, ಅವರ ಹಿಂದೆ ನೀವು ತೊಟ್ಟಿರಿ. ಒಮ್ಮೆ ಈ ಮನೆಯ ಹೊಸ್ತಿಲು ದಾಟಿದರೆ ಪಾರ್ಟೂ ಹೋಯಿತು, ಕವಚವೂ ಹೋಯಿತು. ಮರುದಿನವೇ ತಾಯಪ್ಪ ಬಂದ. ದೇವದುರ್ಗದಲ್ಲಿ ಮಷೀನಿಗೆ ಹಚ್ಚಿ ಪಾಲಿಶ್ ಮಾಡಿಸುತ್ತೇನೆ ಅಂದ. ನಾನು ಬಾಗಿಲಲ್ಲೇ ನಿಂತು ಮಾವ ಹೇಳುತ್ತಿದ್ದ ಮಾತು ನೆನಪಿಸಿದೆ: 'ಬೆಳಗಿದಾಂವನ ತೊಡಬೇಕು.' ತೊಡುವವನು ತನ್ನ ಕೈಯಿಂದಲೇ ತಿಕ್ಕಿ ಬೆಳಗಬೇಕು ಎನ್ನುವ ರೂಢಿ ಮೇಳಕ್ಕೆಲ್ಲ ಗೊತ್ತಿದ್ದದ್ದೇ. ಅಷ್ಟು ತಿಕ್ಕಲು ಪುರುಸೊತ್ತಿಲ್ಲ ಎಂದು ಅವನು ಹೊರಟುಹೋದ.

ನಾನು ಹಟ ಹಿಡಿದು ಕೂತೆ. ಮಳೆಗಾಲದ ತೇವಕ್ಕೆ ಎದೆಯ ಭಾಗವೆಲ್ಲ ತುಕ್ಕು ಹಿಡಿದಿತ್ತು. ಮೊದಲ ದಿನವೇ ಎಡವಟ್ಟಾಯಿತು. ತಾಮ್ರದ ಕೊಡಕ್ಕೆ ಹಚ್ಚುವ ಹಾಗೆ ಹುಣಸೆಹಣ್ಣು, ಉಪ್ಪು ಬಳಿದಿಟ್ಟು ಹೊಲಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಉಕ್ಕು ಕಪ್ಪಿಟ್ಟು, ಅಲ್ಲಲ್ಲಿ ಕೆಂಪಗೆ ಹೊಸ ತುಕ್ಕು ಎದ್ದಿತ್ತು. ಅತ್ತೆ ಹಣೆ ಚಚ್ಚಿಕೊಂಡು, 'ಇದೇನ ನೀರಿನ ಕೊಡ ಅಂತ ತಿಳದೀಯೇನ ಬೇ? ಕಬ್ಬಿಣಕ್ಕ ಹುಳಿ ಹಚ್ಚತಾರೇನ?' ಅಂದರು. ಅಳು ಬಂತು, ಆದರೆ ಬಿಡಲಿಲ್ಲ. ಸಾಬೂನಿನ ನೀರಲ್ಲಿ ತೊಳೆದು ಬಿಸಿಲಿಗಿಟ್ಟೆ. ಹರಿದ ಹವಾಯಿ ಚಪ್ಪಲಿ ಕತ್ತರಿಸಿ, ಆ ತುಂಡಿಗೆ ಪಾಲಿಶ್ ಕಾಗದ ಸುತ್ತಿದೆ. ಒರಟು ಕಾಗದದಿಂದ ಉದ್ದಕ್ಕೆ, ನಯವಾದದ್ದರಿಂದ ಅಡ್ಡಕ್ಕೆ ತಿಕ್ಕಿದೆ. ಹಿಂದಿನ ಗೀರು ಅಳಿಯುವ ತನಕ ಮುಂದಿನ ಕಾಗದ ಮುಟ್ಟಲಿಲ್ಲ. ರಟ್ಟೆ ಬಿದ್ದುಹೋದವು. ಕೊನೆಗೆ ಮಾನ್ವಿಯ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟಿನ ಬೂದಿ ತರಿಸಿದೆ. ಹುಳಿಗೆ ಬೈದ ಅತ್ತೆಯೇ ಹಳೆಯ ಸೀರೆಯಲ್ಲಿ ಅದನ್ನು ಸೋಸಿಕೊಟ್ಟರು. ಎಣ್ಣೆಯಲ್ಲಿ ಕಲಸಿ ಉಜ್ಜಿದ ಮೇಲಿನ ಹೊಳಪು ನೀವು ನೋಡಬೇಕಿತ್ತು! ಅತ್ತೆ ಅದರಲ್ಲೇ ಮುಖ ನೋಡಿಕೊಂಡು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಈಗ ಹೊಲಿಗೆ ಮಷೀನಿನ ಎಣ್ಣೆ ಸವರಿ, ಮಾವನ ಹಳೆಯ ಧೋತರದಲ್ಲಿ ಸುತ್ತಿಟ್ಟಿದ್ದೇನೆ. ಹೆಗಲಿನ ತೊಗಲು ಪಟ್ಟಿ ನಿಮ್ಮ ಅಳತೆಯದು. ಅದಕ್ಕೆ ಇನ್ನೆರಡು ತೂತು ಹಾಕಿಸಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಎತ್ತರದಲ್ಲಿ ಕೆಲಸ ಮಾಡುವಾಗ ಸೊಂಟದ ಬೆಲ್ಟು ಮರೆಯಬೇಡಿ. ನಿಮಗೆ ಅತ್ತೆಯ ಆಶೀರ್ವಾದ, ನಿಮ್ಮ ರೂಮಿನ ಗೆಳೆಯರಿಗೆಲ್ಲ ನನ್ನ ನಮಸ್ಕಾರ.

ಇಂತಿ ನಿಮ್ಮ,
ಯಶೋಧಾ

ತಾ.ಕ.: ಕಾಗದ ಒಯ್ಯುವ ಬೀರೇಶ ಪುಣೆ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಆ ತೂತುಗಳು ನನ್ನ ಅಳತೆಗೆ. ನಿನ್ನೆ ಕವಚ ತೊಟ್ಟು, ಆಟ ಕಲಿಸುವ ಮೂಕಪ್ಪ ಮಾಸ್ತರರ ಮುಂದೆ ಸೇನಾಪತಿಯ ಮಾತೆಲ್ಲ ಹೇಳಿದೆ. ವರ್ಷ ವರ್ಷವೂ ರೊಟ್ಟಿ ಬಡಿಯುತ್ತ ನಿಮಗೆ ಹೇಳಿಕೊಟ್ಟದ್ದೇ ಅಲ್ಲವೇ, ಒಂದಕ್ಷರ ತಪ್ಪಲಿಲ್ಲ. ಮಾಸ್ತರರು, 'ರೂಢಿಯೊಳಗ ಬೆಳಗಿದಾಂವ ಅಂತ ಅದ, ಅಲ್ಲವಾ' ಅಂದರು. 'ಬೆಳಗಿದಾಕಿ ನಿಮ್ಮ ಮುಂದ ನಿಂತಾಳಲ್ರೀ' ಅಂದೆ. ಒಪ್ಪಿದರು. ಭಾರತ ಹುಣ್ಣಿಮೆಗೆ ಆಟ. ಒಂದೇ ದಿನದ ರಜೆ ಸಿಕ್ಕರೂ ಬನ್ನಿ, ಪರದೆಯ ಹಿಂದೆ ಕೂರಿ. ನಾನು ಮಾತು ಮರೆತರೆ ಈ ಸಲ ನೀವು ಹೇಳಿಕೊಡಬೇಕು.